ಅವ್ವ ಹೇಳಿದ ಪಾಠ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದುದರಿಂದ ಇಂಗ್ಲಿಷಿನ ಕಾಗದವೆಲ್ಲ ನನ್ನ ಕೈಗೇ ಬರುತ್ತದೆ. ಕಳೆದ ವರ್ಷ ಅಕ್ಕನ ಪಿತ್ತಕೋಶದಲ್ಲಿ ಕಲ್ಲುಗಳಾಗಿ ಶಸ್ತ್ರಚಿಕಿತ್ಸೆ ನಿಶ್ಚಯವಾದಾಗ, ಆಸ್ಪತ್ರೆಯವರು ಕೊಟ್ಟ ಒಪ್ಪಿಗೆ ಪತ್ರವೂ ಹಾಗೆಯೇ ಬಂದಿತು.

ಅಕ್ಕನದು ಹುಟ್ಟಿನಿಂದಲೇ ಗಾಜಿನಂಥ ಮೂಳೆ. ಮೂಳೆಗೆ ಬಿಗಿ ಕೊಡುವ ಕೊಲಾಜನ್ ಎಂಬ ನಾರು ಸರಿಯಾಗಿ ರೂಪುಗೊಳ್ಳದಿರುವುದೇ ಈ ರೋಗದ ಮೂಲ. ಸುಮಾರು 15,000ದಿಂದ 20,000 ಶಿಶುಗಳಲ್ಲಿ ಒಂದಕ್ಕೆ ಇದು ಬರುತ್ತದೆ. ಅಕ್ಕನ ಕಣ್ಣಿನ ಬಿಳಿಭಾಗ ನಸುನೀಲಿ; ಬೆನ್ನು ಬಾಗಿದೆ; ಎತ್ತರ ಮೂರೇ ಅಡಿ. ಇಪ್ಪತ್ತೈದು ವರ್ಷಗಳಲ್ಲಿ ಅವಳ ಮೂಳೆ ಎಷ್ಟು ಸಲ ಮುರಿಯಿತೆಂಬ ಲೆಕ್ಕವನ್ನು ಅವ್ವನೊಬ್ಬಳೇ ಬಲ್ಲಳು.

ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ, ಸಣ್ಣ ರಂಧ್ರಗಳ ಮೂಲಕ ಪಿತ್ತಕೋಶವನ್ನು ತೆಗೆಯುವ ಕ್ರಮವನ್ನು 1985ರಲ್ಲಿ ಜರ್ಮನಿಯ ಎರಿಖ್ ಮ್ಯೂಹೆ ಎಂಬ ವೈದ್ಯರು ಮೊದಲು ನಡೆಸಿದರು. ಇದರಲ್ಲಿ ನೋವು ಕಡಮೆ. ರೋಗಿ ಬೇಗನೆ ತುಂಬ ಉಸಿರೆಳೆದು ಎದ್ದು ಕೂಡಬಹುದು. ಎದೆಗೂಡು ಇಕ್ಕಟ್ಟಾದ ಅಕ್ಕನಂಥವರಿಗೆ ಅದು ದೊಡ್ಡ ಉಪಕಾರವೇ. ಆದರೆ ಒಳಗೆ ಜಾಗವಾಗಲೆಂದು ಹೊಟ್ಟೆಗೆ ಇಂಗಾಲದ ಡೈಆಕ್ಸೈಡನ್ನು ತುಂಬುತ್ತಾರೆ. ಅದು ವಪೆಯನ್ನು ಮೇಲಕ್ಕೊತ್ತಿ ಉಸಿರಾಟಕ್ಕೆ ತೊಡಕು ಮಾಡುತ್ತದೆ. ಆದುದರಿಂದ ಅನಿಲದ ಒತ್ತಡವನ್ನು ಆದಷ್ಟು ಕಡಮೆ ಇಡುವುದಾಗಿ ವೈದ್ಯರು ಹೇಳಿದರು. ಮೇಜನ್ನು ಓರೆಮಾಡಿದಾಗ ದೇಹ ಜಾರಬಾರದು. ರಕ್ತದೊತ್ತಡ ಅಳೆಯುವ ಪಟ್ಟಿ ಬಿಗಿದರೂ ತೋಳು ಮುರಿದೀತು. ಉಸಿರಿನ ಕೊಳವೆ ಇಳಿಸುವಾಗ ಕುತ್ತಿಗೆಯನ್ನು ಹಿಂದಕ್ಕೆ ಬಲವಾಗಿ ಬಾಗಿಸಬಾರದು. ಕತ್ತಿಗಿಂತ ಕೈಗಳಿಗೇ ಹೆಚ್ಚು ಅಂಜಬೇಕಾದ ಶಸ್ತ್ರಚಿಕಿತ್ಸೆ ಇದೆಂದು ನನಗೆ ಆಗ ತಿಳಿಯಿತು.

ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಒಂದು ಸಾಲಿನ ಬಳಿ ನಾಲಗೆ ತಡೆಯಿತು: ಮೇಜಿನ ಮೇಲೆ ಮಲಗಿಸುವಾಗ ಮೂಳೆ ಮುರಿಯಬಹುದು. ಅದನ್ನು ನುಂಗಿಕೊಂಡು ಮುಂದಿನ ಸಾಲಿಗೆ ಹೋದೆ.

“ಏನೋ ಬಿಟ್ಟೆಯಲ್ಲೋ?” ಎಂದಳು ಅಕ್ಕ.

ನಾಚಿಕೊಂಡು ಓದಿದೆ. ಅವಳು ನಕ್ಕಳು. “ಅದೇನು ನನಗೆ ಹೊಸದೇ? ಮೈ ನನ್ನದು, ಸಹಿ ನನ್ನದು. ಏನನ್ನೂ ಬಿಡದೆ ಓದು.”

ಸಂಜೆ ವೈದ್ಯರು ಬಂದಾಗ ಅವಳೇ ಹೇಳಿದಳು: “ನನ್ನನ್ನು ಎತ್ತುವ ಬಗೆ ಅವ್ವನಿಗೆ ಗೊತ್ತು ಸಾರ್. ಅವಳನ್ನು ಕೇಳಿ.”

ಮರುದಿನ ಬೆಳಿಗ್ಗೆ, ಕೂಲಿಯಿಂದ ಒರಟಾದ ಕೈಗಳನ್ನು ಚಾಚಿ, ಹಸಿರು ಬಟ್ಟೆ ತೊಟ್ಟ ನಾಲ್ವರ ನಡುವೆ ನಿಂತು ಅವ್ವ ತೋರಿಸಿಕೊಟ್ಟಳು. ತೋಳು ಹಿಡಿದು ಎಳೆಯಬಾರದು, ಕಂಕುಳಿಗೆ ಕೈಹಾಕಬಾರದು, ಅಂಗೈಗಳನ್ನು ಅಗಲವಾಗಿ ಬಿಡಿಸಿ ಬೆನ್ನಿಗೂ ತೊಡೆಗೂ ಆಸರೆ ಕೊಟ್ಟು, ದುಪ್ಪಟಿಯ ಸಮೇತ ಎಲ್ಲರೂ ಒಮ್ಮೆಗೇ ಎತ್ತಬೇಕು. “ಅವಳು ಹೂಂ ಅಂದಮೇಲೇ ಎತ್ತಿ” ಎಂದಳು. ಅಕ್ಕ ಹೂಂ ಎಂದಳು. ಬಾಗಿಲು ಮುಚ್ಚಿತು.

ಎರಡು ಗಂಟೆಗಳ ತರುವಾಯ ಅವಳನ್ನು ಹೊರಗೆ ತಂದರು. ಮಂಚಕ್ಕೆ ಇಳಿಸುವಾಗ ಹೂಂ ಎನ್ನುವಷ್ಟು ಎಚ್ಚರ ಅವಳಿಗಿರಲಿಲ್ಲ. ನಾಲ್ವರೂ ಅವ್ವನ ಮುಖ ನೋಡಿದರು. ಅವ್ವ ಹೂಂ ಎಂದಳು.

ಒಂದು ಮೂಳೆಯೂ ಮುರಿಯಲಿಲ್ಲ. ಈ ವರ್ಷ ನಾನು ಪದವಿ ಪರೀಕ್ಷೆಗೆ ಕೂಡುತ್ತಿದ್ದೇನೆ. ಓದಿದ್ದನ್ನು ಬಿಡದೆ ಹೇಳುವ ಧೈರ್ಯ ಮಾತ್ರ ಅಕ್ಕನ ಮಂಚದ ಬಳಿ ಕಲಿತದ್ದು.