ಕೆಂಪಕ್ಷರದ ಓದು

ಫ್ರೆಶರ್‌ಗಳ ಬ್ಯಾಚನ್ನು ಕೂರಿಸಿಕೊಂಡು ಕಲಿಸುವುದು ನಮ್ಮ ಆಫೀಸಿನಲ್ಲಿ ಯಾರಿಗೂ ಬೇಡದ ಕೆಲಸ. ಎಚ್‌ಆರ್‌ನವರ ಮೇಲ್ ಬಂತೋ, ಎಲ್ಲರಿಗೂ ಇದ್ದಕ್ಕಿದ್ದಂತೆ ರಿಲೀಸ್ ನೆನಪಾಗುತ್ತದೆ. ಒಬ್ಬರಿಗೆ ಕ್ಲೈಂಟ್ ಕಾಲ್, ಇನ್ನೊಬ್ಬರಿಗೆ ಊರಿನಲ್ಲಿ ಗೃಹಪ್ರವೇಶ. ನಾನು ಮಾತ್ರ ಕೈ ಎತ್ತುತ್ತೇನೆ. ಪ್ರಾಜೆಕ್ಟಿನಿಂದ ತಪ್ಪಿಸಿಕೊಳ್ಳಲು ಇವಳು ಹೂಡಿದ ಉಪಾಯ ಎಂದು ಕಾಫಿ ಮಷೀನಿನ ಹತ್ತಿರ ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ. ಅದರಲ್ಲಿ ಒಂದಿಷ್ಟು ನಿಜವೂ ಇದ್ದೀತು. ಆದರೆ ಅಸಲು ಕಾರಣ, ನನಗೆ ಈ ಕೆಲಸದ ರುಚಿ ಹತ್ತಿದೆ. ಬಗ್ ಹಿಡಿಯುವುದರಲ್ಲಿ ಸುಖವಿದೆ, ಇಲ್ಲವೆನ್ನುವುದಿಲ್ಲ. ಬಗ್ ಹಿಡಿಯಲು ಬಾರದವರು ನನ್ನ ಕಣ್ಣೆದುರೇ ಅದನ್ನು ಕಲಿಯುವುದನ್ನು ನೋಡುತ್ತ ಕೂರುವುದಿದೆಯಲ್ಲ, ಅದರ ಮುಂದೆ ಆ ಸುಖ ಸಪ್ಪೆ.

ದೊಡ್ಡ ಕಂಪನಿಗಳಿಗೆ ಇದಕ್ಕೆಂದೇ ಊರುಗಳಿವೆ. ಮೈಸೂರಿನ ಹೆಬ್ಬಾಳದಲ್ಲಿ ಇನ್ಫೋಸಿಸ್‌ನ ತರಬೇತಿ ಕೇಂದ್ರ ನೋಡಿದವರಿಗೆ ಗೊತ್ತು: ಕಂಬಗಳ ದೊಡ್ಡ ಕಟ್ಟಡ, ಚೆಂಡಿನಾಕಾರದ ಸಿನಿಮಾ ಮಂದಿರ, ಸಾವಿರಗಟ್ಟಲೆ ಹಾಸ್ಟೆಲ್ ಕೋಣೆಗಳು. ನಮ್ಮದು ಅಷ್ಟೆಲ್ಲ ಇಲ್ಲ. ಒಂದು ಮೀಟಿಂಗ್ ರೂಮು, ಯಾರೋ ಪರ್ಮನೆಂಟ್ ಮಾರ್ಕರಿನಲ್ಲಿ ಬರೆದು ಅಳಿಸಲಾಗದೆ ಬಿಟ್ಟ ವೈಟ್‌ಬೋರ್ಡು, ಎಸಿ ಹಾಕಿದರೆ ನಡುಕ, ನಿಲ್ಲಿಸಿದರೆ ಸೆಕೆ. ಅಲ್ಲಿಗೆ ಹೊಸ ಐಡಿ ಕಾರ್ಡು ಕೊರಳಿಗೆ ನೇತುಹಾಕಿಕೊಂಡು ಹಾವೇರಿ, ಗದಗ, ಪುತ್ತೂರು, ತುಮಕೂರುಗಳಿಂದ ಮಕ್ಕಳು ಬಂದು ಕೂರುತ್ತಾರೆ. ಇಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು ಎಂದು ಎಚ್‌ಆರ್‌ನವರು ಮೊದಲ ದಿನವೇ ಹೇಳಿರುತ್ತಾರೆ. ಮಕ್ಕಳು ತಲೆಯಾಡಿಸಿ, ನನ್ನ ಕಡೆ ತಿರುಗಿ 'ಸರಿ ಮೇಡಂ' ಅನ್ನುತ್ತವೆ.

ಇವರಿಗೆ ಏನೂ ಬರುವುದಿಲ್ಲ ಎಂದು ಗೊಣಗುವವರ ಜೊತೆ ನನ್ನದು ಸದಾ ಜಗಳ. ಬರೆಯಲು ಚೆನ್ನಾಗಿಯೇ ಬರುತ್ತದೆ. ಇಂಜಿನಿಯರಿಂಗ್ ಲ್ಯಾಬಿನ ಪದ್ಧತಿಯೇ ಅಂಥದ್ದು: ವರ್ಷದ ಮೊದಲೇ ಪ್ರೋಗ್ರಾಮುಗಳ ಪಟ್ಟಿ, ಅವನ್ನು ಕೈಯಲ್ಲಿ ಬರೆದು ತುಂಬಿಸುವ ರೆಕಾರ್ಡ್ ಬುಕ್, ಪರೀಕ್ಷೆಯ ದಿನ ಚೀಟಿ ಎತ್ತಿದರೆ ಅದರಲ್ಲೊಂದು, ಆಮೇಲೆ ವೈವಾ. ಲಿಂಕ್ಡ್ ಲಿಸ್ಟನ್ನು ನಿದ್ದೆಗಣ್ಣಿನಲ್ಲೂ ಬರೆಯುತ್ತಾರೆ. ಅವರು ಮಾಡದೇ ಇರುವುದು ಒಂದೇ: ಇನ್ನೊಬ್ಬರು ಬರೆದದ್ದನ್ನು ಓದುವುದು. ಕಾಲೇಜಿನಲ್ಲಿ ಪ್ರೋಗ್ರಾಮು ಖಾಲಿ ಹಾಳೆಯಿಂದ ಶುರುವಾಗುತ್ತದೆ. ಕೆಲಸದಲ್ಲಿ ಖಾಲಿ ಹಾಳೆ ಎಲ್ಲಿಂದ ಬರಬೇಕು? ಹತ್ತಾರು ಜನ ವರ್ಷಗಟ್ಟಲೆ ಬರೆದು, ತಿದ್ದಿ, ಅರ್ಧಕ್ಕೆ ಬಿಟ್ಟು, ಪೇಪರ್ ಹಾಕಿ ಹೋದ ಲಕ್ಷಾಂತರ ಸಾಲುಗಳು ಅಲ್ಲಿ ಮೊದಲೇ ಕೂತಿರುತ್ತವೆ. ಪರರ ಅಡುಗೆಮನೆಯಲ್ಲಿ ಸಾರು ಮಾಡಲು ನಿಂತ ಹಾಗೆ. ಸಾರು ಮಾಡಲು ಬರುತ್ತದೆ, ಸರಿ. ಉಪ್ಪಿನ ಡಬ್ಬ ಯಾವುದು, ಒಲೆಯ ಯಾವ ಬರ್ನರು ಕೆಟ್ಟಿದೆ ಅನ್ನುವುದು ಗೊತ್ತಾಗಬೇಕಲ್ಲ.

ಹಾಗಾಗಿ ನನ್ನ ಕ್ಲಾಸಿನಲ್ಲಿ ಮೊದಲ ವಾರ ಯಾರೂ ಹೊಸದಾಗಿ ಏನೂ ಬರೆಯುವುದಿಲ್ಲ. ಬರೀ ಓದು. ಅದರಲ್ಲೂ ಮೊದಲ ಪಾಠ ಎರರ್ ಓದುವುದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರೋಗ್ರಾಮು ಬಿದ್ದಾಗ ಪರದೆಯ ತುಂಬ ಕೆಂಪಕ್ಷರ ಸುರಿಯುತ್ತದೆ. ಹೊಸಬರು ಆಗ ಏನು ಮಾಡುತ್ತಾರೆ ಎನ್ನುವುದನ್ನು ನೀವು ನೋಡಬೇಕು. ಕಣ್ಣು ಪರದೆಯ ಮೇಲೆ ಒಂದು ಕ್ಷಣವೂ ನಿಲ್ಲುವುದಿಲ್ಲ. ಮೌಸ್ ತಾನಾಗಿ ಹೋಗಿ ಆ ಕಿಟಕಿಯನ್ನು ಮುಚ್ಚುತ್ತದೆ, ಕತ್ತು ನನ್ನ ಕಡೆ ತಿರುಗುತ್ತದೆ: 'ಮೇಡಂ, ವರ್ಕ್ ಆಗ್ತಿಲ್ಲ.' ಕೆಂಪು ಅಂದರೆ ಬೈಗುಳ ಎಂದು ಹದಿನಾರು ವರ್ಷ ಉತ್ತರಪತ್ರಿಕೆ ನೋಡಿದ ಮಕ್ಕಳಿಗೆ ಅನ್ನಿಸಿದರೆ ತಪ್ಪೇನಿದೆ! ನಾನು ಅದನ್ನು ಮತ್ತೆ ತೆರೆಸುತ್ತೇನೆ. ಜೋರಾಗಿ ಓದು ಅನ್ನುತ್ತೇನೆ. ಒಂದೊಂದೇ ಪದ, ಸ್ಕೂಲಿನಲ್ಲಿ ಪಾಠ ಓದಿಸಿದ ಹಾಗೆ. ಯಾವ ಫೈಲು? ಎಷ್ಟನೇ ಸಾಲು? ಈ ಪಟ್ಟಿಯಲ್ಲಿ ನಾವು ಬರೆದ ಫೈಲು ಯಾವುದು, ಲೈಬ್ರರಿಯವರು ಬರೆದದ್ದು ಯಾವುದು? ನಲ್ ಪಾಯಿಂಟರ್ ಎಂದಿದೆಯಲ್ಲ, ಹಾಗಾದರೆ ಅಲ್ಲಿ ಇರಬೇಕಾದ ಯಾವುದೋ ಒಂದು ಇಲ್ಲ. ಯಾವುದು ಇಲ್ಲ?

ಈ ನಲ್ ಎಂಬ 'ಏನೂ ಇಲ್ಲ'ವನ್ನು 1965ರಲ್ಲಿ ಭಾಷೆಯೊಳಗೆ ತಂದವರು ಬ್ರಿಟನ್ನಿನ ಟೋನಿ ಹೋರ್. ಕ್ವಿಕ್‌ಸಾರ್ಟ್ ಕಂಡುಹಿಡಿದ ಪುಣ್ಯಾತ್ಮರೂ ಅವರೇ. ನಲ್ ತಂದದ್ದು ತಾನು ಮಾಡಿದ ನೂರು ಕೋಟಿ ಡಾಲರಿನ ತಪ್ಪು ಎಂದು ಅವರೇ 2009ರಲ್ಲಿ ಸಭೆಯೊಂದರಲ್ಲಿ ಹೇಳಿಕೊಂಡರು. ಇದನ್ನು ಹೇಳಿದಾಗಲೆಲ್ಲ ಕ್ಲಾಸಿನಲ್ಲಿ ಭುಜಗಳು ಒಂದಿಷ್ಟು ಸಡಿಲಾಗುವುದನ್ನು ಗಮನಿಸಿದ್ದೇನೆ. ಅಷ್ಟು ದೊಡ್ಡವರು ಇಟ್ಟ ಗುಂಡಿಯಲ್ಲಿ ತಾನು ಬಿದ್ದರೆ ಅವಮಾನವೇನಲ್ಲ ಎಂದು ಸಮಾಧಾನವಾಗುತ್ತದೋ ಏನೋ.

ನಾಲ್ಕೈದು ದಿನ ಹೀಗೆ ಓದಿಸಿದ ಮೇಲೆ ಒಂದು ಮಧ್ಯಾಹ್ನ ನಾನು ಕಾಯುತ್ತಿರುವ ಘಳಿಗೆ ಬರುತ್ತದೆ. ಯಾರದೋ ಪರದೆ ಕೆಂಪಾಗುತ್ತದೆ. ಕತ್ತು ಅಭ್ಯಾಸಬಲದಿಂದ ಅರ್ಧ ತಿರುಗುತ್ತದೆ. ತಿರುಗಿದ್ದು ಅಲ್ಲೇ ನಿಂತು, ವಾಪಸು ಪರದೆಗೆ ಹೋಗುತ್ತದೆ. ತುಟಿ ಅಲ್ಲಾಡುತ್ತವೆ. 'ಓ...' ಎಂಬ ಸಣ್ಣ ಸದ್ದು. ನಾನು ಆಗ ಫೋನು ನೋಡುತ್ತಿರುವವಳ ಹಾಗೆ ನಟಿಸುತ್ತೇನೆ. ನನ್ನ ಇಡೀ ಸಂಬಳ ಆ 'ಓ'ಗೇ ಕೊಡುತ್ತಿದ್ದಾರೆ ಎಂದು ನನ್ನ ನಂಬಿಕೆ. ಫೈನಾನ್ಸ್‌ನವರ ಲೆಕ್ಕ ಬೇರೆ ಇರಬಹುದು.

ಇದರ ಬೆನ್ನಿಗೇ ಬರುವುದು ಕೇಳುವ ಪಾಠ. ನಮ್ಮ ಮಕ್ಕಳಿಗೆ ಕೇಳಲು ಸಂಕೋಚ. ಕೇಳಿದರೆ ದಡ್ಡರೆಂದುಕೊಂಡಾರು ಎಂದು ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಕಡೆ ಗೂಟ ಹೊಡೆದುಕೊಂಡು ಕೂರುತ್ತಾರೆ. ಮರುದಿನದ ಸ್ಟ್ಯಾಂಡಪ್‌ನಲ್ಲಿ 'ಆಲ್ಮೋಸ್ಟ್ ಡನ್' ಅನ್ನುತ್ತಾರೆ. (ಈ 'ಆಲ್ಮೋಸ್ಟ್' ಎಂಬುದರ ಅವಧಿಯನ್ನು ಅಳೆಯುವ ಸಾಧನ ನಮ್ಮ ಉದ್ಯಮದಲ್ಲಿ ಇನ್ನೂ ಬಂದಿಲ್ಲ.) ಅರ್ಧ ಗಂಟೆ ಒದ್ದಾಡಿದ ಮೇಲೂ ದಾರಿ ಕಾಣದಿದ್ದರೆ ಕೇಳಲೇಬೇಕು, ಇದು ನನ್ನ ಕಟ್ಟಪ್ಪಣೆ. ಆದರೆ ಬರಿಗೈಯಲ್ಲಿ ಬರಬಾರದು. ಏನಾಗಲಿ ಎಂದುಕೊಂಡಿದ್ದೆ, ಏನು ಮಾಡಿದೆ, ಏನಾಯಿತು, ಈ ಮೂರನ್ನೂ ಬರೆದುಕೊಂಡು ಬರಬೇಕು. ಗದಗದ ಹುಡುಗಿಯೊಬ್ಬಳು ಹಾಗೆ ಬರೆದ ಚೀಟಿ ಹಿಡಿದು ನನ್ನ ಮೇಜಿನವರೆಗೆ ಬಂದಳು. 'ಮೇಡಂ, ನಾ ಏನ್ ಅನ್ಕೊಂಡಿದ್ನೆಪಾ ಅಂದ್ರ...' ಎಂದು ಶುರುಮಾಡಿ, ಎರಡನೇ ಸಾಲಿಗೆ ಬರುವಷ್ಟರಲ್ಲಿ ನಿಂತಳು. 'ಇರ್ಲಿ ಬಿಡ್ರಿ, ಗೊತ್ತಾತು' ಎಂದು ಬಂದ ದಾರಿಯಲ್ಲೇ ಹೋದಳು. ನಾನು ಬಾಯಿ ತೆರೆದೇ ಇರಲಿಲ್ಲ.

ಎರಡನೇ ವಾರದಲ್ಲಿ ಲಕ್ಷ್ಮಿ ಬರುತ್ತಾಳೆ. ಇದು ನನ್ನ ಅಚ್ಚುಮೆಚ್ಚಿನ ಪಾಠ. ಒಂದು ಪದವನ್ನು ತಿರುವುಮುರುವು ಮಾಡುವ ಪ್ರೋಗ್ರಾಮು ಕಾಲೇಜಿನಲ್ಲಿ ಎಲ್ಲರೂ ಬರೆದವರೇ. ಬರೆಯಿರಿ ಅನ್ನುತ್ತೇನೆ, ಎರಡು ನಿಮಿಷದಲ್ಲಿ ಮುಗಿಸಿ ಕೈ ಕಟ್ಟಿ ಕೂರುತ್ತಾರೆ. ಈಗ ಇಂಗ್ಲಿಷ್ ಪದ ತೆಗೆದು 'ಲಕ್ಷ್ಮಿ' ಎಂದು ಕೊಡಿ. ಹೊರಗೆ ಬರುವುದು ಮೊದಲಿಗೆ ಒಂದು ಅನಾಥ ಗುಡಿಸು, ಅದರ ಪಕ್ಕದಲ್ಲಿ ಚುಕ್ಕಿ ಚುಕ್ಕಿಯ ಖಾಲಿ ವೃತ್ತ, ಆಮೇಲೆ ಯಾವ ದೇವರಿಗೂ ಅರ್ಥವಾಗದ ಒತ್ತಕ್ಷರ. ಕ್ಲಾಸು ಗೊಳ್ಳೆನ್ನುತ್ತದೆ. ಲಕ್ಷ್ಮಿಯಲ್ಲಿ ಎಷ್ಟು ಅಕ್ಷರ ಎಂದು ಕೇಳುತ್ತೇನೆ. ಎರಡು ಎನ್ನುತ್ತಾರೆ, ಒಂದನೇ ಕ್ಲಾಸಿನಲ್ಲಿ ಕಲಿತದ್ದು ಮರೆತಿಲ್ಲ. ಕಂಪ್ಯೂಟರನ್ನು ಕೇಳಿದರೆ ಏಳು ಎನ್ನುತ್ತದೆ: ಲ, ಕ, ಒಂದು ವಿರಾಮ, ಷ, ಇನ್ನೊಂದು ವಿರಾಮ, ಮ, ಕೊನೆಗೆ ಗುಡಿಸು. 1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಬಂದಾಗಲೇ ಕನ್ನಡಕ್ಕೂ ಅದರಲ್ಲಿ ಜಾಗ ಸಿಕ್ಕಿತು. ಆದರೆ ಅಲ್ಲಿ ಒತ್ತಕ್ಷರಗಳಿಗೆ ಪ್ರತ್ಯೇಕ ಸಂಖ್ಯೆಗಳಿಲ್ಲ. ಬಿಡಿ ಭಾಗಗಳನ್ನು ಸಾಲಾಗಿಟ್ಟರೆ ಫಾಂಟು ಅವನ್ನು ಕೂಡಿಸಿ ತೋರಿಸುತ್ತದೆ. ಈ ಏಳೂ ಯುಟಿಎಫ್-8ರಲ್ಲಿ ತಲಾ 3 ಬೈಟ್ ತಿನ್ನುತ್ತವೆ, ಒಟ್ಟು 21. ಹೆಸರಿಗೆ 20 ಬೈಟ್ ಸಾಕು ಎಂದು ಯಾರಾದರೂ ಡೇಟಾಬೇಸಿನಲ್ಲಿ ಬರೆದಿಟ್ಟಿದ್ದರೆ ಎರಡಕ್ಷರದ ಲಕ್ಷ್ಮಿ ಅಲ್ಲಿ ಕಾಲು ಚಾಚಲಾರಳು.

ಈ ಪಾಠದಲ್ಲಿ ನಾನು ಕನ್ನಡಾಭಿಮಾನ ಕಲಿಸುತ್ತಿಲ್ಲ. ಅದು ತಾನಾಗಿ ಬಂದರೆ ಬೇಡವೆನ್ನುವುದೂ ಇಲ್ಲ. ನನಗೆ ಬೇಕಾದದ್ದು ಆ ನಗು ನಿಂತ ಮೇಲಿನ ಅನುಮಾನ: ಪರೀಕ್ಷೆಯಲ್ಲಿ ಪೂರ್ತಿ ಅಂಕ ಬಂದ ಪ್ರೋಗ್ರಾಮು ನಮ್ಮ ಅಜ್ಜಿಯ ಹೆಸರಿಗೆ ಮುಗ್ಗರಿಸಿತಲ್ಲ, ಇನ್ನೂ ಎಲ್ಲೆಲ್ಲಿ ಮುಗ್ಗರಿಸುತ್ತದೆ? ಆ ಅನುಮಾನ ಒಳಗೆ ಹೊಕ್ಕರೆ ಟೆಸ್ಟ್ ಕೇಸು ಬರೆಯಲು ಬೇರೆ ಪಾಠ ಬೇಕಿಲ್ಲ.

ವೇರಿಯಬಲ್‌ಗಳಿಗೆ ಹೆಸರಿಡುವ ವಿಷಯ ಬೇಗ ಮುಗಿಸುತ್ತೇನೆ. ಟೆಂಪ್, ಟೆಂಪ್-1, ಡೇಟಾ-2 ಇವೆಲ್ಲ ಕಾಲೇಜಿನಿಂದ ಬಂದ ನೆಂಟರು, ನಿಧಾನಕ್ಕೆ ಹೋಗುತ್ತವೆ. ತುಮಕೂರಿನ ಹುಡುಗನೊಬ್ಬ ಲೂಪಿನ ಎಣಿಕೆಗೆ 'ಅಪ್ಪು' ಎಂದು ಹೆಸರಿಟ್ಟಿದ್ದ. ಅಪ್ಪು ಪ್ಲಸ್ ಪ್ಲಸ್, ಅಪ್ಪು ಪ್ಲಸ್ ಪ್ಲಸ್ ಎಂದು ಕೋಡು ಓಡುತ್ತಿತ್ತು. ಅಭಿಮಾನಿಯಾಗಿ ನನಗೇನೂ ತಕರಾರಿಲ್ಲ ಎಂದೆ. ಆದರೆ ಆರು ತಿಂಗಳಾದ ಮೇಲೆ ಪುಣೆಯ ಟೀಮಿನವರು ಇದನ್ನು ತೆರೆದಾಗ, ಅಪ್ಪು ಎಣಿಸುತ್ತಿರುವುದು ಬಾಕಿ ಉಳಿದ ಬಿಲ್ಲುಗಳನ್ನು ಎಂದು ಅವರಿಗೆ ತಿಳಿಯಬೇಕಲ್ಲಪ್ಪ? ಅವನು ತಲೆ ಕೆರೆದುಕೊಂಡು ಬದಲಿಸಿದ. ಆ ಕಮಿಟ್‌ನ ಮೆಸೇಜಿನಲ್ಲಿ ಮಾತ್ರ 'ಅಪ್ಪು ಸರ್, ಕ್ಷಮಿಸಿ' ಎಂದು ಬರೆದ. ಅದನ್ನು ತಿದ್ದಿಸಲು ನನಗೆ ಮನಸ್ಸು ಬರಲಿಲ್ಲ.

ಕಮಿಟ್ ಅಂದ ಕೂಡಲೇ ಗಿಟ್‌ನ ವಿಷಯ ಹೇಳಬೇಕು. ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನೆಲ್ಲಿನ ಕೆಲಸಕ್ಕೆಂದು ಕಟ್ಟಿದ ಈ ಸಾಧನವನ್ನು ಹೊಸಬರು ಕೋಡನ್ನು ಮೇಲೇರಿಸುವ ಲಿಫ್ಟು ಎಂದಷ್ಟೇ ತಿಳಿದಿರುತ್ತಾರೆ. ಮೂರು ಕಮಾಂಡು ಬಾಯಿಪಾಠ, ಮುಗಿಯಿತು. ನಾನು ಅದನ್ನು ಕಡತವಾಗಿ ಓದಿಸುತ್ತೇನೆ. ಯಾವ ಸಾಲನ್ನು ಯಾರು, ಯಾವಾಗ, ಯಾಕೆ ಬರೆದರು ಎಂಬುದೆಲ್ಲ ಅಲ್ಲಿದೆ. ನಮ್ಮ ಬಿಲ್ಲಿಂಗ್ ಕೋಡಿನಲ್ಲಿ ಒಂದು ವಿಚಿತ್ರ ಸಾಲಿತ್ತು: ಗ್ರಾಹಕರ ಕೊನೆಯ ಹೆಸರು ಖಾಲಿಯಿದ್ದರೆ ಅಲ್ಲೊಂದು ಚುಕ್ಕಿ ಇಡು. ಚೀಟಿ ಹಿಡಿದು ಬಂದಿದ್ದಳಲ್ಲ, ಅದೇ ಗದಗದ ಹುಡುಗಿಯ ಕಣ್ಣಿಗೆ ಇದು ಬಿತ್ತು. ಅಸಂಬದ್ಧವಾಗಿದೆ, ತೆಗೆದುಬಿಡಲೇ ಎಂದಳು. ತೆಗೆಯುವ ಮೊದಲು ಇಟ್ಟವರು ಯಾಕೆ ಇಟ್ಟರು ನೋಡು ಎಂದೆ. ಹುಡುಕಿದಳು. ಯಾವತ್ತೋ ಕೆಲಸ ಬಿಟ್ಟು ಹೋದ ಒಬ್ಬರು ಅಚ್ಚುಕಟ್ಟಾಗಿ ಬರೆದಿದ್ದರು: ಹಣ ಪಾವತಿಯ ಆಚೆ ಬದಿಯ ಸಿಸ್ಟಮ್ಮಿಗೆ ಸರ್‌ನೇಮ್ ಕಡ್ಡಾಯ, ಖಾಲಿ ಕಳಿಸಿದರೆ ವಾಪಸು ಬರುತ್ತದೆ, ದಕ್ಷಿಣದ ಗ್ರಾಹಕರಲ್ಲಿ ಅನೇಕರಿಗೆ ಸರ್‌ನೇಮ್ ಇಲ್ಲ.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ತನ್ನ ಐಡಿ ಕಾರ್ಡು ತಿರುಗಿಸಿ ತೋರಿಸಿದಳು. ಅವರ ಮನೆಯಲ್ಲಿ ಅಡ್ಡಹೆಸರಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅದು ಬಂದಿಲ್ಲ, ಬರೀ ಒಂದು ಇನಿಷಿಯಲ್. ಕೆಲಸಕ್ಕೆ ಅರ್ಜಿ ಹಾಕುವಾಗ ಕೊನೆಯ ಹೆಸರಿನ ಖಾನೆ ಬಿಡಲಿಲ್ಲ, ಇವಳೂ ಒಂದು ಚುಕ್ಕಿ ಇಟ್ಟಿದ್ದಳು. ಕಾರ್ಡಿನ ಮೇಲೂ ಆ ಚುಕ್ಕಿ ಅಚ್ಚಾಗಿ ಬಂದಿದೆ. ಮುಂದೆ ಆ ಸಾಲನ್ನು ಅವಳು ತೆಗೆಯಲಿಲ್ಲ. ಅದರ ಮೇಲೆ ಎರಡು ಸಾಲಿನ ಕಾಮೆಂಟ್ ಬರೆದು ಕಾರಣ ತಿಳಿಸಿ, ಅದಕ್ಕೊಂದು ಟೆಸ್ಟ್ ಕೇಸು ಕೂಡಿಸಿದಳು. ಅವಳ ಮೊದಲ ಪುಲ್ ರಿಕ್ವೆಸ್ಟ್ ಅದು. ಒಂದಕ್ಷರವೂ ತಿದ್ದದೆ ಮರ್ಜ್ ಮಾಡಿದೆ.

ಈಗ ಎಐ ಬಂದಿದೆಯಲ್ಲ, ಇನ್ನೂ ಯಾಕೆ ಈ ಪಾಡು ಎಂದು ಕೇಳುವವರು ಹೆಚ್ಚಾಗಿದ್ದಾರೆ. ಕ್ಲಾಸಿನಲ್ಲಿ ಎಲ್ಲರೂ ಬಳಸುತ್ತಾರೆ, ನಾನೂ ಬಳಸುತ್ತೇನೆ. ಕೇಳಿದ ಮರುಕ್ಷಣ ಪುಟಗಟ್ಟಲೆ ಕೋಡು ಬರುತ್ತದೆ, ವೇರಿಯಬಲ್‌ಗಳಿಗೆ ಒಳ್ಳೆಯ ಹೆಸರೂ ಇರುತ್ತದೆ. ಆದರೆ ಅದು ಕೂಡ ಇನ್ನೊಬ್ಬರು ಬರೆದದ್ದೇ ಆಯಿತಲ್ಲ? ಓದಲು ಬಾರದವರ ಕೈಗೆ ಅದು ಬಂದರೆ ಅವರು ಅದನ್ನು ಹಾಗೇ ದಾಟಿಸುತ್ತಾರೆ, ರಿವ್ಯೂನಲ್ಲಿ ಸಿಕ್ಕಿಬಿದ್ದರೆ 'ಅದೇ ಬರೆದದ್ದು ಮೇಡಂ' ಎನ್ನುತ್ತಾರೆ. ಒಂದೇ ನಿಯಮ ಇಟ್ಟಿದ್ದೇನೆ: ಎಲ್ಲಿಂದಲಾದರೂ ತನ್ನಿ, ಪ್ರತಿ ಸಾಲೂ ಯಾಕಿದೆ ಎಂದು ನಿಂತು ಹೇಳಬೇಕು. ಪುತ್ತೂರಿನ ಹುಡುಗ ಒಮ್ಮೆ ಹಾಗೆ ವಿವರಿಸಲು ನಿಂತು, ನಡುವೆ ತಡವರಿಸಿ, 'ಇದು ಯಾಕೆ ಉಂಟು ಅಂತ ನಂಗೂ ಗೊತ್ತಾಗ್ತಾ ಇಲ್ಲ ಮೇಡಂ, ಬೇಡ ಇದು' ಎಂದು ಅರ್ಧದಷ್ಟನ್ನು ಅಳಿಸಿಹಾಕಿದ. ಉಳಿದ ಅರ್ಧ ಮೊದಲಿಗಿಂತ ಚೆನ್ನಾಗಿ ಓಡಿತು.

ಪ್ರತಿ ಬ್ಯಾಚಿನ ಹೊತ್ತಿಗೂ ಮ್ಯಾನೇಜರ್ ಕ್ಯಾಲೆಂಡರ್ ಹಿಡಿದು ಬರುತ್ತಾರೆ. ಮೂರು ವಾರ ಜಾಸ್ತಿಯಾಯಿತು, ಪ್ರಾಜೆಕ್ಟು ತಡವಾಗಿದೆ, ತಲೆಗಳು ಬೇಕು. ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು ಫ್ರೆಡ್ ಬ್ರೂಕ್ಸ್ 1975ರಲ್ಲೇ ಪುಸ್ತಕ ಬರೆದು ಹೇಳಿದ್ದಾರೆ. ಆ ಪುಸ್ತಕ ನಮ್ಮ ಮ್ಯಾನೇಜರ ಶೆಲ್ಫಿನಲ್ಲೇ ಇದೆ, ಬೆನ್ನು ಮಡಚಿಲ್ಲ. ಈ ಸಲ ಎರಡು ದಿನವಾದರೂ ಕಡಿಮೆ ಮಾಡಿ ಎಂದು ಹಟ ಹಿಡಿದರು. ಎರರ್ ಓದಿಸುವುದಕ್ಕೆ ಇಷ್ಟು ದಿನ ಯಾಕೆ ಎಂಬುದು ಅವರ ವಾದ. ಚೌಕಾಸಿ ಮಾಡಿ ಕೊನೆಗೆ ಒಪ್ಪಿದೆ. ಎರಡು ದಿನ ಕಡಿಮೆಯಾಯಿತು. ಹೋದದ್ದು ಕಂಪನಿಯ ಧ್ಯೇಯೋದ್ದೇಶಗಳ ಪಿಪಿಟಿ ಮತ್ತು ಅವರದೇ ಸ್ವಾಗತ ಭಾಷಣ.