ಬಿಸುಡುವ ಮುನ್ನ

ಸಂಸಾರದ ಹಣವು ಹೆಬ್ಬಾಗಿಲಿನಿಂದ ಹೊರಟರೆ ಎಲ್ಲರಿಗೂ ಕಾಣುವುದು; ಕಿಂಡಿಯಿಂದ ಸೋರಿದರೆ ಯಾರಿಗೂ ಕಾಣದು. ಅಡಿಗೆಯ ಮನೆಯಲ್ಲಿ ಇಂತಹ ಕಿಂಡಿಗಳು ಹಲವು. ಒಮ್ಮೆ ಬಳಸಿ ಬಿಸುಡುವುದಕ್ಕೆಂದೇ ಕೊಳ್ಳುವ ವಸ್ತುಗಳು ಅವುಗಳಲ್ಲೊಂದು. ಈ ವಿಷಯದಲ್ಲಿ ನಮಗೆ ಬಂದ ಅನುಭವವನ್ನು ವಾಚಕರ ಮುಂದಿಡುತ್ತೇವೆ. ಅದರಲ್ಲಿ ನಮ್ಮ ತಪ್ಪಿನ ಭಾಗವೂ ಉಂಟು.

ನಾವು ಬೆಳೆದುದು ಮೈಸೂರಿನಲ್ಲಿ. ಅಂಗಡಿಯಿಂದ ಬೇಳೆ ಬೆಲ್ಲಗಳು ಕಾಗದದ ಪೊಟ್ಟಣಗಳಲ್ಲಿ ಬರುತ್ತಿದ್ದುವು. ನಮ್ಮ ತಾಯಿಯವರು ಪೊಟ್ಟಣವನ್ನು ಹರಿಯಗೊಡುತ್ತಿರಲಿಲ್ಲ. ದಾರವನ್ನು ಮೆಲ್ಲನೆ ಬಿಚ್ಚಿ, ಗೂಟದಲ್ಲಿ ತೂಗುತ್ತಿದ್ದ ಉಂಡೆಗೆ ಸುತ್ತುವರು. ಕಾಗದವನ್ನು ಅಂಗೈಯಿಂದ ನೀವಿ, ಮಡಿಸಿ, ಗೂಡಿನೊಳಗೆ ಹಾಸುವುದಕ್ಕೆಂದು ಎತ್ತಿಡುವರು. ಹೂವಿನ ಮಾಲೆಗೂ ಆ ದಾರವೇ. ಉಪ್ಪಿನಕಾಯಿಯ ಜಾಡಿಯ ಬಾಯಿಗೆ ಬಟ್ಟೆ ಕಟ್ಟುವುದಕ್ಕೂ ಆ ದಾರವೇ. ಉಂಡ ಮುತ್ತುಗದ ಎಲೆಯು ಗೊಬ್ಬರದ ಗುಂಡಿಯನ್ನು ಸೇರುತ್ತಿದ್ದಿತು. ಒಲೆಯ ಬೂದಿಯೂ ಪಾತ್ರೆ ಬೆಳಗುವ ಕೆಲಸಕ್ಕೆ ಒದಗುತ್ತಿದ್ದಿತು. ಕಸವೆಂದು ಬೀದಿಗೆ ಹೋಗುತ್ತಿದ್ದುದು ಬಹು ಸ್ವಲ್ಪ.

ಮುಂದೆ ನಾವು ಬೆಂಗಳೂರಿನಲ್ಲಿ ಸಂಸಾರ ಹೂಡಿದೆವು. ತಾಯಿಯವರು ನಮ್ಮಲ್ಲಿಗೆ ಬಂದು ನೆಲಸಿದ ಮೇಲೆ, ಹಾಲಿನ ಪೊಟ್ಟಣಗಳನ್ನು ತೊಳೆದು ಬಟ್ಟೆಯ ಹಗ್ಗಕ್ಕೆ ಸಾಲಾಗಿ ಸಿಕ್ಕಿಸತೊಡಗಿದರು. ಅತಿಥಿಗಳು ಕಂಡರೆ ಏನೆಂದಾರೋ ಎಂದು ನಮಗೆ ನಾಚಿಕೆ. ಅವರು ಮಲಗಿದ್ದಾಗ ಅವನ್ನು ತೆಗೆದು ಕಸದ ಬುಟ್ಟಿಗೆ ಹಾಕಿದ ದಿನಗಳೂ ಉಂಟು. ತಾಯಿಯವರು ತಿಳಿದೂ ತಿಳಿಯದವರಂತೆ ಮರುದಿನ ಮತ್ತೆರಡನ್ನು ತೊಳೆದು ಹಾಕುತ್ತಿದ್ದರು.

2020ನೆಯ ಇಸವಿಯ ಸಾಂಕ್ರಾಮಿಕದ ಕಾಲದಲ್ಲಿ ನಮ್ಮ ಮನೆಯ ಸಂಪಾದನೆಯು ಕೆಲವು ತಿಂಗಳು ನಿಂತುಹೋಯಿತು. ಆಗ ಖರ್ಚಿನ ಪುಸ್ತಕವನ್ನು ತೆರೆದು ಕುಳಿತೆವು. ಕೈಯೊರಸುವ ಕಾಗದ, ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆ, ಕಾಗದದ ಲೋಟ, ಕಸ ತುಂಬುವ ಚೀಲ: ಬಿಡಿಬಿಡಿಯಾಗಿ ನೋಡಿದರೆ ಯಾವುದೂ ದೊಡ್ಡದಲ್ಲ. ಕೂಡಿಸಿ ನೋಡಿದಾಗ ಅದು ನಮ್ಮ ತಿಂಗಳ ತೊಗರಿಬೇಳೆಯ ಬೆಲೆಗೆ ಸಮವಾಗಿದ್ದಿತು! ಬುಟ್ಟಿಗೆ ಹಾಕಲು ಕೊಂಡುದಕ್ಕೂ ಹೊಟ್ಟೆಗೆ ಹಾಕಲು ಕೊಂಡುದಕ್ಕೂ ಒಂದೇ ಬೆಲೆಯೆ?

ಅಂದಿನಿಂದ ನಾವು ಉಳಿಸತೊಡಗಿದೆವು. ಆದರೆ ವಿವೇಕವಿಲ್ಲದೆ ಉಳಿಸಿದೆವು. ಹೋಟೆಲಿನಿಂದ ಬಂದ ತೆಳು ಡಬ್ಬಿಗಳನ್ನೆಲ್ಲ ತೊಳೆದು ಪೇರಿಸಿಟ್ಟೆವು. ಒಂದು ದಿನ ಕುದಿಯುವ ಸಾರನ್ನು ಅಂತಹದೊಂದರಲ್ಲಿ ತುಂಬಿ, ನೆರೆಮನೆಗೆ ಕೊಡಿರೆಂದು ತಾಯಿಯವರ ಕೈಗಿತ್ತೆವು. ಡಬ್ಬಿಯು ಮೆತ್ತಗಾಗಿ ಮಡಿಚಿಕೊಂಡಿತು. ಸಾರು ಅವರ ಕೈಯ ಮೇಲೆ ಚೆಲ್ಲಿ ಬೊಬ್ಬೆಯೆದ್ದಿತು. ಹದಿನೈದು ದಿನ ಅವರು ಎಡಗೈಯಿಂದ ಉಂಡರು. ಡಬ್ಬಿಯಿಂದ ಉಳಿದುದು ಎಷ್ಟು, ಔಷಧಕ್ಕೆ ಹೋದುದು ಎಷ್ಟು ಎಂಬ ಲೆಕ್ಕವನ್ನು ಬರೆಯಲು ನಮಗೆ ಕೈಯೇಳಲಿಲ್ಲ. ತಾಯಿಯವರು ಮಾತ್ರ ಬೈಯಲಿಲ್ಲ. “ಯಾವುದು ಯಾವುದಕ್ಕೆ ಆಗುತ್ತದೆ ಎಂದು ತಿಳಿದು ಇಟ್ಟುಕೊಂಡರೆ ಉಳಿತಾಯ, ತಿಳಿಯದೆ ಇಟ್ಟುಕೊಂಡರೆ ಅದೂ ಕಸವೇ,” ಎಂದಷ್ಟೆ ಹೇಳಿದರು.

ಆ ಮಾತಿನಂತೆ ಈಗ ನಮ್ಮ ಮನೆಯಲ್ಲಿ ನಡೆದುಬರುತ್ತಿರುವ ಕ್ರಮವಿದು. ಹೋಟೆಲಿನ ಡಬ್ಬಿಗಳಲ್ಲಿ ಬಿಸಿಯಾದುದನ್ನಾಗಲಿ, ಎಣ್ಣೆ ಹುಳಿಗಳಿರುವುದನ್ನಾಗಲಿ ಇಡುವುದಿಲ್ಲ. ಗುಂಡಿ, ಸೂಜಿ, ತರಕಾರಿಯ ಬೀಜಗಳಿಗೆ ಅವು ಸಾಕು. ಗಾಜಿನ ಸೀಸೆಗಳನ್ನು ಮಾತ್ರ ಒಂದನ್ನೂ ಬಿಸುಡೆವು. ಬಿಸಿನೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದರೆ ಅವು ಉಪ್ಪಿನಕಾಯಿಗೂ ಆದಾವು. ತೇವ ಉಳಿದರೆ ಬೂಷ್ಟು ಹಿಡಿಯುವುದು. ಅಲ್ಯೂಮಿನಿಯಂ ಹಾಳೆಯಲ್ಲಿ ಹುಳಿಯ ಪದಾರ್ಥವನ್ನು ಸುತ್ತಲಾಗದು. ಹುಣಿಸೆ ನಿಂಬೆಗಳ ಹುಳಿಗೆ ಆ ಲೋಹವು ಕರಗಿ ಅನ್ನಕ್ಕೆ ಸೇರುವುದು. ಒಣ ರೊಟ್ಟಿ ಸುತ್ತಿದ ಹಾಳೆಯನ್ನು ಒರಸಿ ಇನ್ನೊಮ್ಮೆ ಬಳಸಬಹುದು; ಹರಿದ ಮೇಲೆ ಉಂಡೆ ಮಾಡಿ, ಸೀದ ಪಾತ್ರೆಯ ತಳವನ್ನು ಉಜ್ಜಬಹುದು. ಕೈಯೊರಸುವ ಕಾಗದಕ್ಕೆ ಬದಲಾಗಿ ಹಳೆಯ ಪಂಚೆಯ ತುಂಡುಗಳನ್ನು ಅಂಚು ಹೊಲಿದು ಇಟ್ಟಿದ್ದೇವೆ. ಒಗೆದರೆ ಮತ್ತೆ ಹೊಸದು.

ತಾಯಿಯವರ ಒಂದು ಪದ್ಧತಿಯನ್ನೂ ತಿದ್ದಬೇಕಾಯಿತು. ಕರಿದ ಬೋಂಡ ಹಪ್ಪಳಗಳ ಎಣ್ಣೆ ಇಳಿಯಲೆಂದು ಅವರು ವೃತ್ತಪತ್ರಿಕೆಯ ಮೇಲೆ ಹರಡುತ್ತಿದ್ದರು. ಮುದ್ರಣದ ಮಸಿಯು ಆಹಾರಕ್ಕೆ ಇಳಿಯುವುದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2016ರಲ್ಲಿ ಎಚ್ಚರಿಸಿತು. ಈಗ ಆ ಕೆಲಸವನ್ನು ಸ್ಟೀಲಿನ ಜರಡಿಯು ಮಾಡುತ್ತದೆ.

ಕರ್ನಾಟಕದಲ್ಲಿ 2016ರಲ್ಲಿಯೇ ಪ್ಲಾಸ್ಟಿಕ್ ಕೈಚೀಲ ತಟ್ಟೆ ಲೋಟಗಳಿಗೆ ನಿಷೇಧ ಬಂದಿತು. 2022ನೆಯ ಜುಲೈ 1ರಿಂದ ಇಂತಹ ಕೆಲವು ವಸ್ತುಗಳನ್ನು ದೇಶವೆಲ್ಲ ನಿಷೇಧಿಸಿತು. ಆದರೂ ಹಾಲಿನ ಪೊಟ್ಟಣವು ಪ್ರತಿದಿನ ಮನೆಗೆ ಬಂದೇ ಬರುತ್ತದೆ. ಅದನ್ನು ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತುಂಡರಿಸಬಾರದು. ಆ ಚೂರು ಚರಂಡಿಗೆ ಹೋದರೆ ಯಾರ ಕೈಗೂ ಸಿಕ್ಕದು. ಮೂಲೆಯು ಪೊಟ್ಟಣಕ್ಕೆ ಅಂಟಿಕೊಂಡೇ ಇರುವಂತೆ ಸೀಳಿ, ತೊಳೆದು, ಒಣಗಿಸಿ ಕಟ್ಟಿಟ್ಟರೆ ರದ್ದಿಯವನು ತೂಕಕ್ಕೆ ಹಾಕಿಕೊಳ್ಳುತ್ತಾನೆ. ಆ ಚಿಲ್ಲರೆಯೆಲ್ಲ ತಾಯಿಯವರ ಡಬ್ಬಿಗೆ ಸಲ್ಲತಕ್ಕದ್ದು.

ಅವರ ಕೈಯ ಕಲೆಯು ಇನ್ನೂ ಮಾಸಿಲ್ಲ. ಹಿತ್ತಲಿನ ಹಗ್ಗದಲ್ಲಿ ಪೊಟ್ಟಣಗಳು ಇಂದೂ ಸಾಲಾಗಿ ಒಣಗುತ್ತಿವೆ. ಅತಿಥಿಗಳು ಬಂದರೆ ನಾವು ಅವನ್ನು ತೆಗೆಯುವುದಿಲ್ಲ.