ಗೆರೆ ಪಕ್ಕ ನಿಂತ್ಕಬ್ಯಾಡ ಕನ್ಲಾ!

ಭಾನುವಾರ ಬಂತಂದ್ರೆ ಇಲ್ಲಿ ನ್ಯೂಜೆರ್ಸಿಯಲ್ಲಿ ನನ್ನ ರೂಮ್‌ಮೇಟ್‌ಗಳಿಗೆ ಅಮೆರಿಕನ್ ಫುಟ್ಬಾಲ್ ಹುಚ್ಚು. ನಂಗೆ ಅದು ಹೆಲ್ಮೆಟ್ ಹಾಕ್ಕೊಂಡು ಗುದ್ದಾಡೋ ಆಟ, ಅಷ್ಟೇ. ಹೋದ ವಾರ ಮಾತ್ರ ಒಂದು ವಿಷಯ ತಲೆಗೆ ಹೋಯ್ತು... ಹೋಗಿದ್ದೇ ತಡ, ಯಳಂದೂರಿನ ನಮ್ಮ ಸೋದರಮಾವ ನೆನಪಾದ್ರು.

ಆ ಮೈದಾನದ ಅಗಲ 160 ಅಡಿ. ಪಾಸ್ ಹಿಡಿಯೋ ರಿಸೀವರ್‌ಗಳು ಜಾಗ ಸಿಗಲಿ ಅಂತ ಎರಡೂ ಅಂಚಿಗೆ ಹರಡಿ ನಿಲ್ಲೋದು ವಾಡಿಕೆ. 2017ರಲ್ಲಿ ಲಾಸ್ ಏಂಜಲೀಸ್ ರಾಮ್ಸ್ ತಂಡಕ್ಕೆ ಕೋಚ್ ಆಗಿ ಬಂದ ಶಾನ್ ಮೆಕ್ವೇ ಅವರನ್ನ ಪದೇ ಪದೇ ಮಧ್ಯಕ್ಕೆ ಎಳೆದು ಒತ್ತೊತ್ತಾಗಿ ನಿಲ್ಲಿಸಿದ. ಜಾಗ ಬೇಕಂದ್ರೆ ಒತ್ತಿ ನಿಲ್ಲೋದಾ?!

ಹೌದು. ಅಂಚಲ್ಲಿ ನಿಂತವನಿಗೆ ಓಡೋಕೆ ಇರೋದು ಹೆಚ್ಚುಕಮ್ಮಿ ಒಂದೇ ದಿಕ್ಕು, ಇನ್ನೊಂದು ಕಡೆ ಗೆರೆ. ಒಳಗೆ ನಿಂತವನು ಎಡಕ್ಕೂ ಹೋಗಬಹುದು, ಬಲಕ್ಕೂ ಹೋಗಬಹುದು. ಕಾಯೋನು ಎರಡನ್ನೂ ಕಾಯಬೇಕು. ಜೊತೆಗೆ ಗುಂಪಲ್ಲಿ ಇಬ್ಬರು ಅಡ್ಡಡ್ಡ ಓಡಿದ್ರೆ ಕಾಯೋರು ಒಬ್ಬರಿಗೊಬ್ಬರು ಡಿಕ್ಕಿ! ನಷ್ಟ ಇಲ್ಲ ಅಂತಲ್ಲ, ಎದುರಾಳಿಗಳೂ ಚೆಂಡಿನ ಹತ್ರ ಬಂದುಬಿಡ್ತಾರೆ. ಆದ್ರೆ ಅಂಚಿನ ಬಯಲು ಖಾಲಿ ಬೀಳುತ್ತೆ. 2021ರ ಸೀಸನ್ನಲ್ಲಿ ಇದೇ ತಂಡದ ಕೂಪರ್ ಕಪ್ 145 ಪಾಸ್ ಹಿಡಿದು 1,947 ಗಜ ಗಳಿಸಿದ. ಬಹಳ ಸಲ ಅವನು ಹೊರಡ್ತಿದ್ದಿದ್ದೇ ಒಳಗಿಂದ.

ಇದನ್ನೇ ಮಾವ ನಂಗೆ ಹೈಸ್ಕೂಲಲ್ಲೇ ಹೇಳಿದ್ರು, ಕಬಡ್ಡಿ ಅಂಕಣದಲ್ಲಿ. ಗಂಡಸರ ಅಂಕಣ 10 ಮೀಟರ್ ಅಗಲ. ಎರಡು ಬದಿ ಲಾಬಿ ಕಳೆದರೆ ಉಳಿಯೋದು ಎಂಟೇ. ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ರೆ ಔಟ್.

ಹತ್ತನೇ ಕ್ಲಾಸಲ್ಲಿ ಕೊಳ್ಳೇಗಾಲದಲ್ಲಿ ತಾಲ್ಲೂಕು ಮಟ್ಟದ ಫೈನಲ್, ಎದುರು ಹನೂರಿನ ಹುಡುಗರು (ಹನೂರು ಆಗ ನಮ್ಮ ತಾಲ್ಲೂಕೇ). ಒಂದು ಪಾಯಿಂಟ್ ಹಿಂದೆ, ಕೊನೇ ರೈಡ್ ನಂದು. ಮಧ್ಯಕ್ಕೆ ಹೋದ್ರೆ ಏಳು ಜನ ಬೀಳ್ತಾರೆ ಅನ್ನೋ ಭಯಕ್ಕೆ ಅಂಚಿಗೆ ಅಂಟ್ಕೊಂಡೆ. ಕಾಲು ಲಾಬಿಗೆ ಹೋಯ್ತು. ಸೋತ್ವಿ.

ಯಳಂದೂರಿಂದ ಬಸ್ಸಲ್ಲಿ ಬಂದಿದ್ದ ಮಾವ ಎಲ್ಲರ ಮುಂದೆ ಅಂದ್ರು: "ಗೆರೆ ಅವರ ಎಂಟನೇ ಆಳು ಕನ್ಲಾ. ನೀನಾಗೇ ಹೋಗಿ ಅವನ ಕೈಗೆ ಸಿಕ್ಕಂಡೆ."

ಅವಮಾನ ಆಯ್ತು. ಕಬಡ್ಡಿ ಬಿಟ್ಟೆ. ಇಂಜಿನಿಯರಿಂಗು, ಕೆಲಸ, ವೀಸಾ ಅಂತ ಮಾವನ ಜೊತೆ ಸರಿಯಾಗಿ ಮಾತೂ ಬಿಟ್ಟೆ. ಹೋದ ವರ್ಷ ಅವರಿಗೆ ಲಕ್ವ ಹೊಡೀತು. ಬಲಗೈ ಏಳಲ್ಲ, ಮಾತು ತೊದಲುತ್ತೆ. ಆಗಲೂ ಅಮ್ಮನ ಹತ್ರ ವಿಚಾರಿಸಿ ಸುಮ್ಮನಾಗಿದ್ದೆ.

ಆ ಭಾನುವಾರ ಮ್ಯಾಚ್ ಮುಗಿದ ಮೇಲೆ ನಾನೇ ಫೋನ್ ಮಾಡ್ದೆ. ಈ ಫುಟ್ಬಾಲ್ ಪುರಾಣ ಪೂರ್ತಿ ಹೇಳಿದೆ. "ನೀವು ಹೇಳಿದ್ದೇ ಸರಿ ಮಾವ" ಅಂದೆ. ಆ ಕಡೆ ತುಂಬಾ ಹೊತ್ತು ಬರೀ ಉಸಿರು. ಆಮೇಲೆ ಒಂದೊಂದೇ ಅಕ್ಷರ ಹುಡುಕಿ ಅಂದ್ರು:

"ಈಗ... ಅರ್ತ ಆಯ್ತಾ... ಮೊಗಾ?"

ಜನವರಿಗೆ ಟಿಕೆಟ್ ನೋಡ್ತಿದೀನಿ. ರಜೆ ಇನ್ನೂ ಸಿಕ್ಕಿಲ್ಲ. ಸಿಗದಿದ್ರೂ ಹೋಗ್ತೀನಿ ಅನ್ಸತ್ತೆ.